ಯಾವ ಕಚೇರಿಯಲ್ಲಿ ಉಮೇದುವಾರಿ?

ನಮ್ಮ ಅಜ್ಜಂದಿರ ಕಾಲದ ಸರ್ಕಾರಿ ಕಚೇರಿಗಳಲ್ಲಿ ಉಮೇದುವಾರರೆಂಬ ಒಂದು ವರ್ಗದವರಿದ್ದರು. ಅವರಿಗೆ ಸಂಬಳವಿಲ್ಲ, ಸಂಬಳದ ಆಸೆ ಮಾತ್ರ ಉಂಟು. ಗುಮಾಸ್ತೆಯ ಪಕ್ಕದಲ್ಲಿ ಕುಳಿತು ನಕಲು ತೆಗೆಯುವುದು, ಕಾಗದದ ಕಟ್ಟು ಬಿಚ್ಚಿ ಬೇಕಾದ್ದನ್ನು ಹುಡುಕಿಕೊಡುವುದು, ಮತ್ತೆ ಕಟ್ಟಿಡುವುದು, ಇದೇ ಅವರ ಕೆಲಸ. ಹೀಗೆ ಕಾದ ಮೇಲೆ ಎಂದಾದರೊಂದು ದಿನ ಜಾಗ ಖಾಲಿಯಾದರೆ ಅದು ತಮಗೆ ದೊರೆತೀತೆಂದು ನೋಡುತ್ತಿದ್ದರು. ‘ಉಮೇದು’ ಎಂಬುದು ಪಾರಸಿ ಮಾತು. ಅದರ ಮೂಲಾರ್ಥ ಆಸೆ, ಭರವಸೆ. ಉಮೇದುವಾರನೆಂದರೆ ಆಸೆಯಿಟ್ಟುಕೊಂಡವನು. ಕನ್ನಡಕ್ಕೆ ಬಂದ ಮೇಲೆ ಅದೇ ಮಾತಿಗೆ ಹುರುಪು ಎಂಬ ಅರ್ಥವೂ ಕೂಡಿಕೊಂಡಿತು. ಇಂದಿನ ಕಾಲೇಜಿನ ಮಕ್ಕಳು ‘ಇಂಟರ್ನ್‌ಷಿಪ್’ ಎನ್ನುವುದು ಬಹುಮಟ್ಟಿಗೆ ಈ ಹಳೆಯ ಉಮೇದುವಾರಿಯೇ. ಆಸೆ ಅದೇ, ಹುರುಪು ಅದೇ. ಆದರೆ ಅಂದಿನವನಿಗೆ ಊರಿನಲ್ಲಿದ್ದದ್ದು ಒಂದೇ ಕಚೇರಿ. ಇಂದಿನವರ ಮುಂದೆ ಎರಡು ಮೂರು ಕಚೇರಿಗಳ ಪತ್ರಗಳು ಒಟ್ಟಿಗೆ ಬಂದು ಬೀಳುತ್ತವೆ. ಯಾವುದನ್ನು ಒಪ್ಪುವುದು, ಯಾವುದನ್ನು ಬಿಡುವುದು ಎಂಬ ತೊಡಕು ಹೊಸದು.

ಅದರಲ್ಲೂ ಕನ್ಸಲ್ಟಿಂಗ್ ವೃತ್ತಿಗೆ ಹೋಗಬೇಕೆನ್ನುವ ಮಕ್ಕಳಿಗೆ ಈ ತೊಡಕು ಹೆಚ್ಚು. ಮನೆಯ ಹಿರಿಯರಿಗೆ ಈ ವೃತ್ತಿಯ ರೂಪವೇ ಕಣ್ಣಿಗೆ ಕಟ್ಟುವುದಿಲ್ಲ. ಡಾಕ್ಟರೆಂದರೆ ಸ್ಟೆತಾಸ್ಕೋಪು, ವಕೀಲರೆಂದರೆ ಕರಿಯ ಕೋಟು. ಕನ್ಸಲ್ಟೆಂಟ್ ಎಂದರೆ ಏನು? ಮನೆ ಕಟ್ಟುವಾಗ ಗೋಡೆ ಬಿರುಕು ಬಿಟ್ಟರೆ ಮೇಸ್ತ್ರಿಯ ಮಾತು ಸಾಲದೆ ಹೊರಗಿನ ಇಂಜಿನಿಯರೊಬ್ಬರನ್ನು ಕರೆತಂದು, ಅವರಿಗೆ ಫೀಜು ಕೊಟ್ಟು, “ಇದೇಕೆ ಹೀಗಾಯಿತು, ಈಗ ಏನು ಮಾಡೋಣ?” ಎಂದು ಕೇಳುವುದುಂಟಷ್ಟೆ. ಕಂಪೆನಿಗಳೂ ಹಾಗೆಯೇ ಮಾಡುತ್ತವೆ. ಮಾಲು ಏಕೆ ಮಾರಾಟವಾಗುತ್ತಿಲ್ಲ, ಹೊಸ ಊರಿನಲ್ಲಿ ಶಾಖೆ ತೆರೆಯಬಹುದೇ, ಖರ್ಚು ಎಲ್ಲಿ ಸೋರಿಹೋಗುತ್ತಿದೆ ಎಂಬಂಥ ಪ್ರಶ್ನೆಗಳನ್ನು ಹೊರಗಿನವರ ಮುಂದಿಟ್ಟು ಸಲಹೆ ಪಡೆಯುತ್ತವೆ. ಆ ಸಲಹೆ ಕೊಡುವವನೇ ಕನ್ಸಲ್ಟೆಂಟ್. ಮಾರುವುದು ಸಾಮಾನಲ್ಲ, ಬುದ್ಧಿಯ ಮಾತು. ಬುದ್ಧಿಯ ಮಾತನ್ನು ಪುಕ್ಕಟೆಯಾಗಿ ಕೊಟ್ಟರೂ ಕೊಳ್ಳುವವರಿಲ್ಲವೆಂದು ನಾವು ಮೇಷ್ಟ್ರುಗಳು ಬಲ್ಲೆವು. ಅದಕ್ಕೆ ಹಣ ಕೊಡುವವರಿದ್ದಾರೆಂದರೆ ಅದರ ಹಿಂದೆ ಏನೋ ತೂಕವಿರಬೇಕು.

ಆ ತೂಕ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ನಮ್ಮ ನಾಡಿನಲ್ಲಿ ಸಲಹಾ ಇಂಜಿನಿಯರೆಂದರೆ ಮೊದಲು ನೆನಪಿಗೆ ಬರುವವರು ಸರ್ ಎಂ. ವಿಶ್ವೇಶ್ವರಯ್ಯನವರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರವನ್ನು ಕೊಚ್ಚಿಹಾಕಿತು. ಸಹಸ್ರಾರು ಜನ ಸತ್ತರು. ಆಗ ನಿಜಾಮರ ಸರ್ಕಾರ ಸಲಹೆಗಾಗಿ ಕರೆದದ್ದು ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಅವರು ಅಲ್ಲಿಗೆ ಹೋಗಿ ಮಳೆಯ ಲೆಕ್ಕ ತೆಗೆದರು. ನದಿಗೆ ನೀರು ಹರಿದುಬರುವ ಪ್ರದೇಶವನ್ನೂ ಅದರಲ್ಲಿ ಒಡೆದುಹೋದ ಕೆರೆಗಳನ್ನೂ ಪರೀಕ್ಷಿಸಿದರು. ನಗರದೊಳಗೆ ಗೋಡೆ ಎತ್ತರಿಸಿದರೆ ಸಾಲದು, ಮೇಲ್ಗಡೆಯೇ ನೀರನ್ನು ಹಿಡಿದು ನಿಲ್ಲಿಸಬೇಕೆಂದು ಹೇಳಿದರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಎದ್ದುನಿಂತವು. ಹೀಗೆ ಸಲಹೆ ಹೇಳಿದವರು ಅದಕ್ಕೆ ಮುಂಚೆ ಎಲ್ಲಿದ್ದರು? 1884ರಿಂದ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದರು. ನಾಸಿಕ, ಖಾನದೇಶಗಳ ನಾಲೆಗಳ ಮೇಲೆ ಕುದುರೆ ಸವಾರಿ, ಸಿಂಧೂ ದಡದ ಸುಕ್ಕೂರಿನಲ್ಲಿ ಕುಡಿಯುವ ನೀರಿನ ಏರ್ಪಾಡು, ಪುಣೆಯ ಬಳಿ ಖಡಕ್‌ವಾಸ್ಲಾ ಕಟ್ಟೆಗೆ ತಾನಾಗಿ ತೆರೆಯುವ ಬಾಗಿಲು. ಸುಮಾರು ಇಪ್ಪತ್ತೈದು ವರ್ಷ ಮಣ್ಣು ಕಲ್ಲು ನೀರುಗಳ ಜೊತೆ ಒಡನಾಡಿದ ಮೇಲೆ ಆಡಿದ ಮಾತು ಅದು.

ಪಶ್ಚಿಮ ದೇಶದಲ್ಲೂ ಕಥೆ ಬೇರೆಯಲ್ಲ. ಕಾರ್ಖಾನೆಗಳ ಆಡಳಿತದ ಬಗ್ಗೆ ಫೀಜು ಪಡೆದು ಸಲಹೆ ಹೇಳುವ ಕಸುಬನ್ನು 1893ರಲ್ಲಿ ಹಿಡಿದ ಅಮೆರಿಕದ ಫ್ರೆಡರಿಕ್ ಟೇಲರ್ ಅನುಕೂಲಸ್ಥರ ಮನೆಯ ಹುಡುಗ. ಹಾರ್ವರ್ಡಿನ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದವನು. ಆದರೂ 1874ರಲ್ಲಿ ಫಿಲಡೆಲ್ಫಿಯದ ಒಂದು ಕಾರ್ಖಾನೆಗೆ ಅಪ್ರೆಂಟಿಸಾಗಿ ಸೇರಿ, ಮರದ ಅಚ್ಚು ಮಾಡುವುದನ್ನೂ ಯಂತ್ರ ನಡೆಸುವುದನ್ನೂ ಕೈಯಾರೆ ಕಲಿತ. (ಅವನ ಪದ್ಧತಿಗಳು ಕಾರ್ಮಿಕರಿಗೆ ಹಿಡಿಸಲಿಲ್ಲವೆಂಬುದು ಬೇರೆ ಮಾತು.) ಇಂದು ಮಕ್ಕಳ ಬಾಯಲ್ಲಿ ಸದಾ ಕೇಳಿಬರುವ ಮೆಕಿನ್ಸಿ ಕಂಪೆನಿಯನ್ನು 1926ರಲ್ಲಿ ಷಿಕಾಗೋದಲ್ಲಿ ಆರಂಭಿಸಿದ ಜೇಮ್ಸ್ ಮೆಕಿನ್ಸಿಯಾದರೋ ಲೆಕ್ಕಪತ್ರ ಶಾಸ್ತ್ರದ ಪ್ರಾಧ್ಯಾಪಕ. ಮಾತಿಗೆ ಮುನ್ನ ಕೆಲಸ, ಇಲ್ಲವೇ ಲೆಕ್ಕ.

ಈಗ ಆ ಕ್ರಮ ಬದಲಾಗಿದೆ. ಇಪ್ಪತ್ತೈದು ವರ್ಷ ಕಾಯುವವರು ಯಾರೂ ಇಲ್ಲ. ಡಿಗ್ರಿ ಮುಗಿಸಿದ ಇಪ್ಪತ್ತೊಂದು ಇಪ್ಪತ್ತೆರಡರ ಹರೆಯದವರನ್ನೇ ಕನ್ಸಲ್ಟಿಂಗ್ ಕಂಪೆನಿಗಳು ಆರಿಸಿಕೊಳ್ಳುತ್ತವೆ. ಅದನ್ನು ದೂರಿ ಪ್ರಯೋಜನವಿಲ್ಲ. ಕಾಲದ ನಡೆ ಹಾಗಿದೆ. ಆದರೆ ಅದರಿಂದ ಒಂದು ಮಾತು ಹೊರಡುತ್ತದೆ. ಇಂಥ ಹುಡುಗನಿಗೆ ಅಥವಾ ಹುಡುಗಿಗೆ, ಸಲಹೆ ಹೇಳುವ ಕುರ್ಚಿಯ ಮೇಲೆ ಕೂರುವ ಮುನ್ನ, ಕೆಲಸ ನಿಜವಾಗಿ ನಡೆಯುವ ಜಾಗವನ್ನು ನೋಡಲು ಸಿಕ್ಕುವ ಅವಕಾಶವೆಂದರೆ ರಜೆಯ ಆ ಎರಡು ತಿಂಗಳ ಉಮೇದುವಾರಿ ಮಾತ್ರ. ಇಪ್ಪತ್ತೈದು ವರ್ಷದ ಜಾಗದಲ್ಲಿ ಎರಡು ತಿಂಗಳು! ಅದನ್ನು ಎಲ್ಲಿ ಕಳೆಯಬೇಕೆಂಬುದು ಸಣ್ಣ ಪ್ರಶ್ನೆಯಲ್ಲ.

ನಾನಿರುವುದು ಬೆಂಗಳೂರು ದಂಡಿನ ಪೂರ್ವ ಭಾಗದಲ್ಲಿ. ಇಲ್ಲಿ ಹಲಸೂರಿನಿಂದ ಹಳೆಯ ಮದರಾಸು ರಸ್ತೆ ಹಿಡಿದು ಹೊರಟರೆ ಈ ಪ್ರಶ್ನೆಯ ಚರಿತ್ರೆಯೇ ರಸ್ತೆಯ ಎರಡು ಬದಿಯಲ್ಲಿ ಕಾಣಸಿಗುತ್ತದೆ. ಇಂದಿರಾನಗರ ದಾಟಿದರೆ ಬೈಯಪ್ಪನಹಳ್ಳಿ. ಅಲ್ಲಿ ಟ್ರಾನ್ಸ್‌ಫಾರ್ಮರು, ಮೋಟಾರುಗಳನ್ನು ಮಾಡುತ್ತಿದ್ದ ಎನ್.ಜಿ.ಇ.ಎಫ್. ಕಾರ್ಖಾನೆಯಿತ್ತು. ಕೃಷ್ಣರಾಜಪುರದ ಬಳಿ ದೂರವಾಣಿನಗರದಲ್ಲಿ 1948ರಲ್ಲಿ ಹುಟ್ಟಿದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ದಕ್ಷಿಣಕ್ಕೆ ತಿರುಗಿದರೆ 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆ. ಈ ಭಾಗದ ಎಷ್ಟೋ ಮನೆಗಳಲ್ಲಿ ‘ಅಪ್ರೆಂಟಿಸ್’ ಎಂಬುದು ಅಡಿಗೆಮನೆಯ ಮಾತಾಗಿತ್ತು. ಎನ್.ಜಿ.ಇ.ಎಫ್. 2002ರಲ್ಲಿ ಬಾಗಿಲು ಹಾಕಿತು. ಬಾಗಿಲ ಮೇಲಿನ ಹೆಸರು ಅಳಿಯಿತು; ಒಳಗೆ ತಂತಿ ಸುತ್ತುವುದನ್ನು ಕಲಿತವನ ಕೈ ಅಳಿಯಲಿಲ್ಲ. ಈಗ ಅದೇ ರಸ್ತೆಯ ಉದ್ದಕ್ಕೂ, ಆಚೆ ವೈಟ್‌ಫೀಲ್ಡಿನವರೆಗೂ, ಗಾಜಿನ ಕಟ್ಟಡಗಳು ಎದ್ದಿವೆ. ನಮ್ಮ ಮಕ್ಕಳ ಉಮೇದುವಾರಿ ಪತ್ರಗಳು ಬಹಳ ಮಟ್ಟಿಗೆ ಅಲ್ಲಿಂದ ಬರುತ್ತವೆ.

ಒಂದು ದೃಷ್ಟಾಂತ ಹೇಳುತ್ತೇನೆ. ನನ್ನ ಬಳಿ ಹತ್ತನೆಯ ತರಗತಿಯವರೆಗೆ ಕನ್ನಡ ಓದಿದ ಹಲಸೂರಿನ ಹುಡುಗಿಯೊಬ್ಬಳು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಗ ಇಂಥ ಎರಡು ಪತ್ರ ಹಿಡಿದುಕೊಂಡು ತಂದೆಯೊಡನೆ ಬಂದಳು. ತಂದೆ ಬಿ.ಎಂ.ಟಿ.ಸಿ. ಬಸ್ಸಿನ ಕಂಡಕ್ಟರು. ಒಂದು ಪತ್ರ ವೈಟ್‌ಫೀಲ್ಡಿನ ಕಡೆಯ ದೊಡ್ಡ ಸಲಹಾ ಕಂಪೆನಿಯದು. ತಿಂಗಳಿಗೆ ಹದಿನೈದು ಸಾವಿರ. ಇನ್ನೊಂದು ಶಿವಾಜಿನಗರದ ಒಂದು ಸಣ್ಣ ಆಡಿಟರ್ ಆಫೀಸಿನದು; ನಾಲ್ಕು ಸಾವಿರ. ಎರಡೂ ಎರಡೆರಡು ತಿಂಗಳು. “ಇದರಲ್ಲಿ ಯೋಚನೆ ಮಾಡುವುದೇನಿದೆ, ಮೇಷ್ಟ್ರೆ? ದೊಡ್ಡ ಹೆಸರು, ದೊಡ್ಡ ದುಡ್ಡು. ಇವಳೋ, ನಿಮ್ಮನ್ನು ಕೇಳಬೇಕು ಅಂತಾಳೆ” ಎಂದರು ತಂದೆ.

ನಾನು ಕನ್ನಡ ಪಂಡಿತ; ಆ ಕಂಪೆನಿಗಳ ಒಳಗುಟ್ಟು ನನಗೇನು ಗೊತ್ತು? ಆದರೆ ಪ್ರಶ್ನೆ ಕೇಳುವುದನ್ನು ಮೂವತ್ತು ವರ್ಷದಿಂದ ಕಲಿಸುತ್ತಿದ್ದೇನೆ. “ಎರಡು ಕಡೆಗೂ ಮೂರು ಪ್ರಶ್ನೆ ಬರೆದು ಕಳಿಸಮ್ಮ” ಎಂದೆ. ಹೋದ ವರ್ಷ ಇದೇ ಜಾಗದಲ್ಲಿ ಕುಳಿತಿದ್ದವರು ದಿನವೆಲ್ಲ ಮಾಡಿದ ಕೆಲಸವೇನು? ನಾನು ಮಾಡಿದ್ದನ್ನು ಓದಿ ತಿದ್ದುವವರು ಯಾರು, ಅವರು ಕೂರುವುದು ಎಲ್ಲಿ? ತೊಂದರೆ ಯಾರದೋ ಆ ಗಿರಾಕಿಯನ್ನು ನಾನು ಒಂದು ದಿನವಾದರೂ ಕಣ್ಣಾರೆ ಕಾಣುತ್ತೇನೆಯೇ? ಹೀಗೆ ಕೇಳುವುದು ಅಧಿಕಪ್ರಸಂಗವಾದೀತೆಂದು ಅವಳು ಅಂಜಿದಳು. ಹೆಣ್ಣು ನೋಡಲು ಬಂದವರು ಕೂಡ ಎರಡು ಮಾತು ಕೇಳುತ್ತಾರೆ. ಎರಡು ತಿಂಗಳ ಆಯುಷ್ಯ ಕೊಡುವವಳು ಕೇಳಬಾರದೆ?

ದೊಡ್ಡ ಕಂಪೆನಿಯವರು ಸೌಜನ್ಯದಿಂದಲೇ ಉತ್ತರ ಬರೆದರು. ಹಿಂದಿನ ವರ್ಷದವರು ವಿದೇಶದ ಕಂಪೆನಿಗಳ ಅಂಕಿಅಂಶ ಸಂಗ್ರಹಿಸಿ ಸ್ಲೈಡುಗಳಲ್ಲಿ ಜೋಡಿಸಿದರು. ತಿದ್ದುವವರು ಬೇರೆ ಊರಿನಲ್ಲಿ, ಕಂಪ್ಯೂಟರಿನ ಮೂಲಕ. ಗಿರಾಕಿಯ ಭೇಟಿ ಇರುವುದಿಲ್ಲ. ಆಡಿಟರು ಪತ್ರ ಬರೆಯಲಿಲ್ಲ, ಫೋನು ಮಾಡಿದರು: “ನಾಳೆ ಬಂದರೆ ನಾಳೆಯೇ ಸ್ಟಾಕ್ ಎಣಿಸುವುದಕ್ಕೆ ಕಳಿಸುತ್ತೇನಮ್ಮ. ಕೈ ಮಸಿಯಾಗುತ್ತೆ.” ಹುಡುಗಿ ಶಿವಾಜಿನಗರಕ್ಕೆ ಹೋದಳು. ಎರಡು ತಿಂಗಳಿಗೆ ಇಪ್ಪತ್ತೆರಡು ಸಾವಿರ ರೂಪಾಯಿ ಬಿಟ್ಟುಕೊಟ್ಟ ಹಾಗಾಯಿತು. ಅದು ಕಾಲೇಜಿನ ಮುಂದಿನ ವರ್ಷದ ಫೀಜಿಗೆ ಆಗಬೇಕಾಗಿದ್ದ ಹಣ. ಸಂಜೆ ಬೀದಿಯ ಮಕ್ಕಳಿಗೆ ಮನೆಪಾಠ ಹೇಳಿ ಒಂದಷ್ಟು ತುಂಬಿಕೊಂಡಳು. ಉಳಿದದ್ದಕ್ಕೆ ತಂದೆ ಸೊಸೈಟಿಯಲ್ಲಿ ಸಾಲ ತೆಗೆದರು. ಇದನ್ನು ಹೇಳದೆ ಬಿಟ್ಟರೆ ಕಥೆ ಸುಲಭವಾಗಿ ಕಾಣುತ್ತದೆ.

ಅವಳನ್ನು ಕಳಿಸಿದ್ದು ಮೋಟಾರು ಬಿಡಿಭಾಗಗಳ ಒಂದು ಅಂಗಡಿಗೆ. ಶಿವಾಜಿನಗರದ ಆ ಗಲ್ಲಿಗಳನ್ನು ಕಂಡವರಿಗೆ ಗೊತ್ತು: ನೆಲದಿಂದ ಸೂರಿನವರೆಗೆ ಕಬ್ಬಿಣ. ಒಂದು ವಾರ ಎಣಿಸಿದಳು. ಮೂರು ವರ್ಷದಿಂದ ಒಂದೂ ಮಾರಾಟವಾಗದ ಸಾಮಾನುಗಳ ಉದ್ದನೆಯ ಪಟ್ಟಿಯೇ ಆಯಿತು. ಪುಸ್ತಕದ ಪ್ರಕಾರ ಅದು ಸತ್ತ ಮಾಲು, ಜಾಗವನ್ನೂ ಬಂಡವಾಳವನ್ನೂ ತಿನ್ನುತ್ತದೆ, ಗುಜರಿಗೆ ಹಾಕಬೇಕು. ಇದನ್ನೇ ಅವಳು ಅಂಗಡಿಯ ಸಾಹೇಬರಿಗೆ ಹೇಳಿದಳು. ಅವರು ನಕ್ಕರಂತೆ. “ಬೇಟಿ, ಇದು ಅಂಬಾಸಡರ್ ಕಾರಿಂದು. ಆ ಗಾಡಿ ಮಾಡೋದೇ 2014ರಲ್ಲಿ ನಿಲ್ಲಿಸಿಬಿಟ್ಟರು. ಇದನ್ನ ಕೇಳಿಕೊಂಡು ಎಲ್ಲೋ ಒಬ್ಬ ಕೋಲಾರದಿಂದ ಬರ್ತಾನೆ. ಬಂದವನು ಬರೀ ಇದನ್ನೇ ತಗೊಂಡು ಹೋಗಲ್ಲ. ಅವನ ಊರಿನ ಮೆಕ್ಯಾನಿಕ್‌ಗಳೆಲ್ಲ ಏನೇ ಬೇಕಾದರೂ ನನ್ನ ಅಂಗಡಿಗೇ ಬರ್ತಾರೆ. ಇದು ಮಾಲಲ್ಲ, ನನ್ನ ಬೋರ್ಡು.”

ಇಲ್ಲಿಗೆ ನಿಂತಿದ್ದರೆ ಇದೊಂದು ಚಮತ್ಕಾರದ ಮಾತಾಗಿ ಉಳಿಯುತ್ತಿತ್ತು. ಹುಡುಗಿ ಬಿಡಲಿಲ್ಲ. ಸಾಹೇಬರು ಹೇಳಿದ್ದು ಎಷ್ಟು ನಿಜವೆಂದು ಹಳೆಯ ಬಿಲ್ಲುಗಳನ್ನು ತೆಗೆದು ನೋಡಿದಳು. ಹಳೆಯ ಸಾಮಾನು ಕೊಂಡವರಲ್ಲಿ ಕೆಲವರು ನಿಜಕ್ಕೂ ಮತ್ತೆ ಮತ್ತೆ ಬಂದಿದ್ದರು. ಕೆಲವರು ಒಮ್ಮೆ ಬಂದು ಹೋದವರು. ಕೆಲವು ಸಾಮಾನನ್ನಂತೂ ಯಾರೂ ಎಂದೂ ಕೇಳಿದ ಗುರುತೇ ಇಲ್ಲ. ಪಟ್ಟಿಯನ್ನು ಎರಡಾಗಿ ಸೀಳಿದಳು. ಬೋರ್ಡಿನಂಥದು ಒಂದು ಕಡೆ, ಬರಿಯ ಕಬ್ಬಿಣ ಒಂದು ಕಡೆ. ಎರಡನೆಯದನ್ನು ಸಾಹೇಬರು ನಿಜವಾಗಿಯೂ ಗುಜರಿಗೆ ಹಾಕಿದರು. ಪುಸ್ತಕ ಹೇಳಿದ್ದೂ ಪೂರ್ತಿ ಸರಿಯಲ್ಲ, ಅಂಗಡಿಯವರು ಹೇಳಿದ್ದೂ ಪೂರ್ತಿ ಸರಿಯಲ್ಲ. ನಡುವೆ ನಿಂತು ಬೇರ್ಪಡಿಸಿ ಹೇಳುವುದಕ್ಕೇ ಅಲ್ಲವೆ ಹೊರಗಿನವರನ್ನು ಕರೆಯುವುದು? ಕನ್ಸಲ್ಟಿಂಗ್ ಎಂದರೇನೆಂದು ನನಗೆ ಅರ್ಥವಾದದ್ದು ಅವಳು ಇದನ್ನು ಹೇಳಿದ ದಿನ.

ಮುಂದಿನದನ್ನೂ ಹೇಳಬೇಕು. ಈ ಕಂಪೆನಿಗಳ ಆಯ್ಕೆಯಲ್ಲಿ ‘ಕೇಸ್’ ಎಂಬ ಒಂದು ಪರೀಕ್ಷೆ ಉಂಟು. ಒಂದು ವ್ಯಾಪಾರದ ತೊಡಕನ್ನು ಎದುರಿಗಿಟ್ಟು, ಅಭ್ಯರ್ಥಿ ಅದನ್ನು ಹೇಗೆ ಬಿಡಿಸುತ್ತಾನೆಂದು ನೋಡುತ್ತಾರೆ. ಬಾಯಿಪಾಠದ ಉತ್ತರ ಅಲ್ಲಿ ನಡೆಯದು. ಅವಳಿಗೆ ಕೊಟ್ಟದ್ದು, ಆದಾಯ ಇಳಿದುಹೋದ ಒಂದು ಬೇಕರಿ. “ಕಡಮೆಯಾದದ್ದು ಬರುವ ಜನವೋ, ಬಂದವರು ಕೊಳ್ಳುವ ಮೊತ್ತವೋ?” ಎಂದು ಮೊದಲ ಪ್ರಶ್ನೆಯನ್ನೇ ಅವಳು ಸರಿಯಾಗಿ ಕೇಳಿದಳಂತೆ. ಆ ಸುತ್ತು ಗೆದ್ದಳು. ಎರಡನೆಯ ಸುತ್ತಿನಲ್ಲಿ ಅಂಕಿಗಳ ಒಂದು ಕಟ್ಟನ್ನು ಕೊಟ್ಟು, ಒಂದು ಗಂಟೆಯೊಳಗೆ ಕಂಪ್ಯೂಟರಿನಲ್ಲಿ ಕೋಷ್ಟಕ ಮಾಡಿ ಐದು ಸ್ಲೈಡಿನಲ್ಲಿ ಇಂಗ್ಲಿಷಿನಲ್ಲಿ ಮಂಡಿಸಬೇಕೆಂದರು. ಅಲ್ಲಿ ಸೋತಳು. ಗೆದ್ದವನು ಅವಳ ತರಗತಿಯ ಇನ್ನೊಬ್ಬ ಹುಡುಗ, ಗಾಜಿನ ಕಟ್ಟಡಕ್ಕೆ ಹೋಗಿದ್ದವನು.

ಹಾಗಾದರೆ ತಂದೆಯ ಮಾತೇ ಸರಿಯಾಯಿತಲ್ಲ ಎನ್ನಬಹುದು. ಆ ಹುಡುಗನ ಮನೆಯನ್ನು ಸ್ವಲ್ಪ ನೋಡಿ. ಕೆ.ಆರ್. ಪುರದ ಸಂತೆಯ ಬಳಿ ಅವರದು ದಿನಸಿ ಅಂಗಡಿ. ಹತ್ತು ವರ್ಷದವನಾಗಿದ್ದಾಗಿನಿಂದ ಅವನು ಗಲ್ಲಾ ಪೆಟ್ಟಿಗೆಯ ಹಿಂದೆ ಕುಳಿತವನು. ಯಾವ ಬೇಳೆ ಓಡುತ್ತದೆ, ಯಾವುದಕ್ಕೆ ಹುಳ ಹಿಡಿಯುತ್ತದೆ, ಸಾಲದ ಗಿರಾಕಿಯನ್ನು ಮುರಿದುಕೊಳ್ಳದೆ ಹಣ ವಸೂಲು ಮಾಡುವುದು ಹೇಗೆ ಎಂಬುದನ್ನು ಅವನಿಗೆ ಯಾವ ಆಡಿಟರೂ ಕಲಿಸಬೇಕಾಗಿರಲಿಲ್ಲ. ಅವನಿಗಿದ್ದ ಕೊರತೆ ಬೇರೆ: ಓರಣವಾಗಿ ಬರೆಯುವುದು, ಅಂಕಿಯನ್ನು ಎರಡು ಸಲ ತಾಳೆ ನೋಡುವುದು, ಹೇಳಿದ ಗಂಟೆಗೆ ಮುಗಿಸುವುದು. ದೊಡ್ಡ ಕಚೇರಿ ಇವುಗಳನ್ನು ಚೆನ್ನಾಗಿ ಕಲಿಸುತ್ತದೆ. ಇದನ್ನು ಹಗುರವಾಗಿ ಕಾಣುವುದು ತರವಲ್ಲ. ಕಂಡಕ್ಟರರ ಮಗಳಿಗೋ, ವ್ಯಾಪಾರವೆಂಬುದನ್ನು ಒಳಗಿನಿಂದ ಕಾಣುವ ಬೇರೆ ದಾರಿ ಇರಲಿಲ್ಲ. ಅವನು ಅಲ್ಲಿಗೆ, ಅವಳು ಇಲ್ಲಿಗೆ ಹೋದದ್ದು ಇಬ್ಬರಿಗೂ ಸರಿಯೇ. ಒಂದೇ ಔಷಧವನ್ನು ಇಡೀ ತರಗತಿಗೆ ಹಂಚುವ ಸಲಹೆಗಾರರನ್ನು ಕಂಡರೆ ನನಗೆ ಆಗುವುದಿಲ್ಲ. ಅವಳು ಮುಂದಿನ ರಜೆಯಲ್ಲಿ ಇಂದಿರಾನಗರದ ನಡುಗಾತ್ರದ ಒಂದು ಕಚೇರಿ ಸೇರಿ ಸ್ಲೈಡು ಕೋಷ್ಟಕಗಳ ಕೆಲಸಕ್ಕೆ ಕುಳಿತಳು. ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾಳೆ.

ದೊಡ್ಡ ಹೆಸರಿನ ಬಗ್ಗೆ ಇನ್ನೊಂದು ಮಾತು. ಸಾವಿರಾರು ಅರ್ಜಿಗಳನ್ನು ಜರಡಿ ಹಿಡಿಯುವಾಗ ಪರಿಚಯದ ಹೆಸರೊಂದು ಕಂಡರೆ ಕಣ್ಣು ಅಲ್ಲಿ ನಿಲ್ಲುತ್ತದೆ, ಇದು ಲೋಕರೂಢಿ. ಆದುದರಿಂದ ದೊಡ್ಡ ಕಚೇರಿಯೂ ಆಗಿದ್ದು, ಮೇಲೆ ಹೇಳಿದ ಮೂರು ಪ್ರಶ್ನೆಗೆ ನೆಟ್ಟಗೆ ಉತ್ತರವೂ ಬಂದರೆ ಮರುಮಾತಿಲ್ಲದೆ ಅಲ್ಲಿಗೆ ಹೋಗಿ. ಹೆಸರು ಜರಡಿಯನ್ನು ದಾಟಿಸುತ್ತದೆ. ಎದುರಿಗೆ ಕುಳಿತವರು “ಅಲ್ಲಿ ನೀನು ಏನು ಮಾಡಿದೆ?” ಎಂದು ಕೇಳಿದಾಗ ಮಾತ್ರ ಅದು ಬಾಯಿ ಮುಚ್ಚಿಕೊಳ್ಳುತ್ತದೆ.

ಇನ್ನು ಹಣ. ಹಳೆಯ ಉಮೇದುವಾರಿ ಮನೆಯಲ್ಲಿ ಅಕ್ಕಿ ಇದ್ದವರಿಗೆ ಮಾತ್ರ ಸಾಧ್ಯವಾಗುತ್ತಿತ್ತು. ಇಲ್ಲದವರ ಮಕ್ಕಳು ಚಾಪೆಯ ಹತ್ತಿರಕ್ಕೂ ಬರುವಂತಿರಲಿಲ್ಲ. ಇಂದೂ ಪುಕ್ಕಟೆ ದುಡಿಸಿಕೊಳ್ಳುವ ಕಚೇರಿಗಳು ಉಂಟು. ಮನೆಗೆ ಹಣ ಬೇಕಾಗಿದ್ದರೆ ಹೆಚ್ಚು ಕೊಡುವ ಕಡೆಗೆ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ. ಕಲಿಕೆಯ ನೆಪದಲ್ಲಿ ಮನೆಯನ್ನು ಸಾಲಕ್ಕೆ ನೂಕಬೇಕೆಂದು ನಾನು ಯಾರಿಗೂ ಹೇಳಲಾರೆ. ಕಾರ್ಖಾನೆಯ ಅಪ್ರೆಂಟಿಸರಿಗೆ 1961ರ ಕಾಯಿದೆಯ ರಕ್ಷಣೆ ಇದೆ, ಸ್ಟೈಪೆಂಡು ಕೊಡಲೇಬೇಕು. ಕಾಲೇಜಿನ ಮಕ್ಕಳ ಸಾಮಾನ್ಯ ಇಂಟರ್ನ್‌ಷಿಪ್ಪಿಗೆ ಅಂಥ ಕಟ್ಟಿಲ್ಲ. ಪತ್ರದಲ್ಲಿ ಬರೆದದ್ದೇ ಕಟ್ಟು. ಓದು ಮುಗಿಸಿ ಕೂತಿರುವ 21ರಿಂದ 24 ವರ್ಷದವರಿಗಾಗಿ ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಷಿಪ್ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಆರಂಭದಲ್ಲಿ ಗೊತ್ತುಮಾಡಿದ್ದು ಒಂದು ವರ್ಷದ ಅವಧಿ, ತಿಂಗಳಿಗೆ 5,000 ರೂಪಾಯಿ, ಒಂದಾವರ್ತಿ 6,000 ರೂಪಾಯಿ. ಅವಧಿಯ ಅರ್ಧವಾದರೂ ತರಗತಿಯಲ್ಲಲ್ಲದೆ ನಿಜವಾದ ಕೆಲಸದ ವಾತಾವರಣದಲ್ಲಿ ಕಳೆಯಬೇಕೆಂಬ ಅದರ ನಿಯಮ ನನಗೆ ಬಹಳ ಹಿಡಿಸಿತು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹಣ ಕೇಳುವವರ ವಿಷಯದಲ್ಲಿ. ಇಂತಿಷ್ಟು ಸಾವಿರ ಕಟ್ಟಿ, ಮನೆಯಲ್ಲೇ ಕುಳಿತು ಒಂದು ತಿಂಗಳ ‘ಕನ್ಸಲ್ಟಿಂಗ್ ಇಂಟರ್ನ್‌ಷಿಪ್’ ಮಾಡಿ, ಬಣ್ಣದ ಸರ್ಟಿಫಿಕೇಟು ಪಡೆಯಿರಿ ಎಂದು ಮಕ್ಕಳ ಫೋನಿಗೆ ಸಂದೇಶ ಬರುತ್ತದೆ. ಉಮೇದುವಾರನಿಗೆ ಸಂಬಳ ಇಲ್ಲದಿದ್ದದ್ದುಂಟು. ಉಮೇದುವಾರನೇ ಕಚೇರಿಗೆ ಸಂಬಳ ಕೊಟ್ಟದ್ದು ಯಾವ ಕಾಲದಲ್ಲೂ ಕೇಳಲಿಲ್ಲ. ಅಂಥ ಸಂದೇಶವನ್ನು ಅಳಿಸಿಹಾಕಿ.

ಓಡಾಟದ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವಣ ಮೆಟ್ರೋ ಹಾದಿ ತೆರೆದ ಮೇಲೆ, ಹಲಸೂರಿನಲ್ಲಿ ಹತ್ತಿದವರು ಗಾಡಿ ಬದಲಿಸದೆ ವೈಟ್‌ಫೀಲ್ಡಿನಲ್ಲಿ ಇಳಿಯಬಹುದು. ಆ ದಿಕ್ಕಿನ ಕಷ್ಟ ಎಷ್ಟೋ ತಗ್ಗಿತು. ಮೆಟ್ರೋ ಮುಟ್ಟದ ಮೂಲೆಯ ಕಚೇರಿಯಾದರೆ ಒಮ್ಮೆ ಬೆಳಗಿನ ಒಂಬತ್ತು ಗಂಟೆಗೆ ಹೋಗಿ ನೋಡಿಕೊಂಡು ಬಂದು ಆಮೇಲೆ ಒಪ್ಪುವುದು ಮೇಲು.

ಒಂದನ್ನು ಆರಿಸಿಕೊಂಡ ಮೇಲೆ, ಬಿಟ್ಟ ಕಚೇರಿಗೆ ಅದೇ ದಿನ ಎರಡು ಸಾಲು ಬರೆದು ತಿಳಿಸಬೇಕು. ಸುಮ್ಮನಿದ್ದುಬಿಡುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಬೆಳೆಯುತ್ತಿದೆ. ಅಲ್ಲಿ ಪಟ್ಟಿಯಲ್ಲಿ ಮುಂದಿನವರೊಬ್ಬರು ಕಾದಿರುತ್ತಾರೆಂಬುದು ಅವರ ಮನಸ್ಸಿಗೆ ಬರುವುದಿಲ್ಲ. ಸೇರಿದ ಮೇಲೆ ಪ್ರತಿ ಸಂಜೆ ಒಂದು ನೋಟುಬುಕ್ಕಿನಲ್ಲಿ ಆ ದಿನ ಕಂಡದ್ದನ್ನು ಕನ್ನಡದಲ್ಲಿ ಬರೆಯಿರಿ, ಮನೆಯವರಿಗೆ ಓದಿದರೆ ತಿಳಿಯುವ ಹಾಗೆ. ಆ ಹುಡುಗಿ ಹೀಗೆ ಬರೆದು ತಂದೆಗೆ ಓದಿ ಹೇಳುತ್ತಿದ್ದಳು, ಅವರು “ಇದು ಗೊತ್ತಾಗಲಿಲ್ಲ, ಇನ್ನೊಂದು ಸಲ ಹೇಳು” ಎನ್ನುತ್ತಿದ್ದರು. ಕಚೇರಿಯ ಗುಟ್ಟಿನ ಅಂಕಿಗಳನ್ನು ಮಾತ್ರ ಮನೆಗೆ ತರಕೂಡದು. ಬಿಡುವ ದಿನ ಪತ್ರ ಕೇಳಿ ಪಡೆಯಿರಿ. ‘ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂಬ ಅಚ್ಚಿನ ಸಾಲು ಸಾಲದು. ಯಾವ ಕೆಲಸ, ಎಷ್ಟು ದಿನ, ಅದರಿಂದ ಏನಾಯಿತು ಎಂಬುದನ್ನು ಬರೆಸಿಕೊಳ್ಳಬೇಕು. ಶಿವಾಜಿನಗರದ ಆಡಿಟರು ಅವಳಿಗೆ ಕೊಟ್ಟದ್ದು ಅರ್ಧ ಪುಟದ ಕಾಗದ. ಅದರಲ್ಲಿ ಸ್ಟಾಕ್ ಎಣಿಸಿದ ದಿನಗಳು, ಪಟ್ಟಿಯನ್ನು ಎರಡಾಗಿ ಮಾಡಿದ್ದು, ಗುಜರಿಗೆ ಹೋದ ಮಾಲಿನ ತೂಕ, ಮೂರೂ ಬರೆದಿವೆ.